ಐದೂಕಾಲಿನ ನಂಬರು

ಬಿಂದುಮಾಧವ ಅನ್ನುವ ಚೆಂದದ ಹೆಸರು ರೇಷನ್ ಕಾರ್ಡಿನಲ್ಲಿ, ಮೆಟ್ರಿಕ್ ಸರ್ಟಿಫಿಕೇಟಿನಲ್ಲಿ ಮಡಿಯಾಗಿ ಉಳಿದುಬಿಟ್ಟಿತು. ಹುಟ್ಟಿದ ಹನ್ನೆರಡನೆಯ ದಿನ, ಹೆಸರಿಡುವ ಬಾರಸಿಯಲ್ಲಿ, ಅಪ್ಪ ತಾಟಿನಲ್ಲಿ ಅಕ್ಕಿ ಹರವಿ, ಬಂಗಾರದ ಉಂಗುರದಿಂದ ಬರೆದ ಹೆಸರೇನೋ ಅದೇ. ಹದಿಮೂರನೆಯ ದಿನದಿಂದ ಕಲಬುರಗಿಯ ಬ್ರಹ್ಮಪುರದ ಓಣಿಗೆಲ್ಲ ಅವನು ಬಂಡು. ಮೂವತ್ತು ದಾಟಿ, ತಲೆಯ ನಡುವೆ ಕೂದಲು ತೆಳುವಾದ ಮೇಲೂ ಬಂಡುವೇ.

ಅಪ್ಪ ಪ್ರಹ್ಲಾದಾಚಾರ್ಯರು ನಾಲ್ಕು ಮನೆಯ ಪೂಜೆ, ಎಂಟು ಮನೆಯ ಶ್ರಾದ್ಧ ಮಾಡಿಸಿ ಸಂಸಾರ ತೂಗಿಸಿದವರು. ಮುಂಜಿಯಾದ ಮಗನನ್ನು ಎದುರಿಗೆ ಕೂರಿಸಿಕೊಂಡು ಜಪ ಕಲಿಸಿದರು. ಹುಡುಗನಿಗೆ ಒಂದೇ ಅಳುಕು: ಎಣಿಕೆ ತಪ್ಪಿತೇನೋ, ನಡುವೆ ಒಂದು ಬಿಟ್ಟುಹೋಯಿತೇನೋ. ಕೇಳಿದರೆ ಆಚಾರ್ಯರು ನಗುತ್ತಿದ್ದರು. "ಸಂಶಯ ಬಂತಂದ್ರ ಮತ್ತ ಅನ್ನು. ಇನ್ನೊಂದು ನೂರಾ ಎಂಟು ಅನ್ನು. ದೇವರಿಗೇನು ಬ್ಯಾಸರಾಗೂದಿಲ್ಲಪಾ." ಆಚಾರ್ಯರು ಹೋಗಿ ಎಷ್ಟೋ ವರ್ಷವಾದರೂ ಈ ಮಾತು ಮಗನನ್ನು ಬಿಟ್ಟು ಹೋಗಲಿಲ್ಲ. ಕೀಲಿ ಹಾಕಿದ ಬಾಗಿಲನ್ನು ಮೂರು ಸಲ ಜಗ್ಗಿ ನೋಡದೆ ಅವನು ಹೊರಡುವವನಲ್ಲ. ಬಸ್ಸಿನ ಟಿಕೀಟು ಕಿಸೆಯಲ್ಲಿದೆಯೋ ಇಲ್ಲವೋ ಎಂದು ಇಳಿಯುವ ತನಕ ಹತ್ತು ಸಲ ತಡವಿಕೊಳ್ಳುವವನು. ನಗಬೇಕೆಂದರೆ ನಗಿರಿ, ಪಾಪ, ಅವನ ಸ್ವಭಾವವೇ ಹಾಗೆ.

ಪೂಜೆಗೆ ಹೋಗುವ ಮನಸ್ಸಿರಲಿಲ್ಲ. ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿ, ಸ್ಟೇಶನ್ ಬಜಾರಿನಲ್ಲಿ ದೇವೀಂದ್ರಪ್ಪ ಎಂಬವರ ರಕ್ತ ತಪಾಸಣೆಯ ಲ್ಯಾಬಿಗೆ ಸೇರಿಕೊಂಡ. ಅದು ಸಾವಿರದ ಒಂಬೈನೂರ ತೊಂಬತ್ತೆಂಟರ ಮಾತು. ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯ ಮಂದಿ ತೋಳು ಮಡಚಿಕೊಂಡು ಸಾಲು ನಿಲ್ಲುತ್ತಿದ್ದರು. ಸಂಜೆಯ ಕೊನೆಯ ರಿಪೋರ್ಟು ಹೊರಡುವ ಹೊತ್ತಿಗೆ ಒಂಬತ್ತಾಗುತ್ತಿತ್ತು. ದೇವೀಂದ್ರಪ್ಪ ಕೆಟ್ಟ ಮನುಷ್ಯರೆಂದು ಯಾರೂ ಹೇಳುವಂತಿಲ್ಲ. ತಮ್ಮ ಮನೆಯಿಂದ ಬಂಡುವಿಗೂ ಸೇರಿಸಿ ರೊಟ್ಟಿಯ ಡಬ್ಬಿ ತರಿಸುತ್ತಿದ್ದರು, ಲ್ಯಾಬಿನ ಹಿಂದಿನ ಕೋಣೆಯನ್ನು ಅವನಿಗೇ ಬಿಟ್ಟಿದ್ದರು, ಬಂದವರ ಎದುರೆಲ್ಲ "ಇವ ಇಲ್ದಿದ್ರ ನಮ್ಮ ಕಥಿ ಮುಗೀತ್ರಿ" ಎಂದು ಹೊಗಳುತ್ತಿದ್ದರು. ರಜೆ ಒಂದನ್ನು ಮಾತ್ರ ಕೊಡುತ್ತಿರಲಿಲ್ಲ. ತಿಂಗಳಿಗೆ ಒಂದೇ ಭಾನುವಾರ, ಅದೂ ಎರಡನೆಯದು.

ಮದುವೆಯಾದ ಮೇಲೆ ಈ ಒಂದು ಭಾನುವಾರ ಗಂಟಲಿಗೆ ಸಿಕ್ಕಿಕೊಂಡಿತು. ಹೆಂಡತಿ ಮಥುರಾ ಕಮಲಾಪುರದವಳು. ಕಮಲಾಪುರದ ಆಚೆಗಿನ ಒಂದು ತಾಂಡಾದ ಸರಕಾರಿ ಶಾಲೆಯಲ್ಲಿ ಮಾಸ್ತರಣಿ. ಬೆಳಿಗ್ಗೆ ಅಲ್ಲಿಗೆ ಹೋಗುವುದು ಒಂದೇ ಜೀಪು. ಅದು ತಪ್ಪಿದರೆ ಆ ದಿನದ ಹಾಜರಿಯೂ ತಪ್ಪಿದ ಹಾಗೆ. ಕಲಬುರಗಿಯಿಂದ ಓಡಾಡುವುದು ಆಗದ ಮಾತು. ಅವಳು ತಾಯಿ ಸಕ್ಕೂಬಾಯಿಯ ಜೊತೆ ಕಮಲಾಪುರದಲ್ಲೇ ಉಳಿದಳು. ಇವನು ಲ್ಯಾಬಿನ ಹಿಂದಿನ ಕೋಣೆಯಲ್ಲಿ ಉಳಿದ. ನಡುವೆ ಬಸ್ಸಿನಲ್ಲಿ ಒಂದೇ ತಾಸಿನ ದಾರಿ. ಬೀದರದ ಕಡೆ ಹೋಗುವ ಬಸ್ಸುಗಳೆಲ್ಲ ಸ್ಟೇಶನ್ ಬಜಾರಿನ ಮುಂದೆಯೇ ಹಾರ್ನು ಹೊಡೆದುಕೊಂಡು ಹೋಗುತ್ತಿದ್ದವು. ಬಂಡು ಕಿಟಕಿಯಿಂದ ಅವನ್ನು ನೋಡುತ್ತ ಕೂಡುತ್ತಿದ್ದ.

ಅಷ್ಟರಲ್ಲಿ ದೇವೀಂದ್ರಪ್ಪ ಕಮಲಾಪುರದ ಒಂದು ದವಾಖಾನೆಯಲ್ಲಿ ಕೋಣೆ ಹಿಡಿದರು. ಅಲ್ಲಿ ಮಲ್ಕಮ್ಮ ಎಂಬಾಕೆ ರಕ್ತ ತೆಗೆದು ಶೀಶೆಗಳನ್ನು ಬೆಳಗಿನ ಬಸ್ಸಿಗೆ ಕೊಟ್ಟು ಕಳಿಸುವುದು, ಇಲ್ಲಿ ತಪಾಸಣೆ ಮಾಡಿ ಲ್ಯಾಬಿನ ಕಂಪ್ಯೂಟರಿನಲ್ಲಿ ಇಡುವುದು, ಅಲ್ಲಿಯ ಕಂಪ್ಯೂಟರು ಫೋನಿನ ತಂತಿಯ ಮೇಲೆ ಇಂಟರ್‌ನೆಟ್ಟು ಹಿಡಿದು ರಿಪೋರ್ಟು ಓದಿಕೊಳ್ಳುವುದು. ಕೇಳಲಿಕ್ಕೆ ಎಷ್ಟು ಸಲೀಸು! ತೊಡಕು ಇದ್ದದ್ದು ಒಂದೇ ಕಡೆ. ಲ್ಯಾಬಿನ ಲೈನು ಕಡಿದು ಮತ್ತೆ ಹತ್ತಿದಾಗಲೆಲ್ಲ ಇಂಟರ್‌ನೆಟ್ಟಿನವರು ಅದಕ್ಕೊಂದು ಹೊಸ ನಂಬರು ಕೊಡುತ್ತಿದ್ದರು. ಮನೆ ಅದೇ, ಮನೆಯ ನಂಬರು ಮಾತ್ರ ದಿನಕ್ಕೆ ಎರಡು ಮೂರು ಸಲ ಬದಲು. ಆ ನಂಬರು ಗೊತ್ತಿಲ್ಲದೆ ಕಮಲಾಪುರಕ್ಕೆ ದಾರಿಯೇ ಸಿಗದು. ಮಧ್ಯಾಹ್ನ ಎರಡರಿಂದ ಐದರ ತನಕ ಕರೆಂಟು ತೆಗೆಯುವುದಂತೂ ತಪ್ಪುತ್ತಿರಲಿಲ್ಲ; ಹಾಗಾಗಿ ಸಂಜೆ ಐದಕ್ಕೆ ಹೊಸ ನಂಬರೂ ತಪ್ಪುತ್ತಿರಲಿಲ್ಲ.

ನಂಬರನ್ನು ಮಲ್ಕಮ್ಮನಿಗೆ ಫೋನು ಮಾಡಿ ಹೇಳಬೇಕು. ಲ್ಯಾಬಿನಲ್ಲಿದ್ದದ್ದು ಒಂದೇ ಫೋನು, ಅದರ ತಂತಿಯನ್ನು ಕಂಪ್ಯೂಟರು ಹಿಡಿದುಕೊಂಡಿದೆ. ತಂತಿ ಬಿಡಿಸಿ ಫೋನು ಮಾಡಿದರೆ ಲೈನು ಕಡಿಯಿತು, ನಂಬರು ಬದಲಾಯಿತು, ಹೇಳಿದ್ದು ಸುಳ್ಳಾಯಿತು. ಇದು ಬಂಡುವಿಗೆ ಹೊಳೆಯಲು ಎರಡು ದಿನ ಹಿಡಿಯಿತು. ಮಲ್ಕಮ್ಮ ಎರಡು ದಿನವೂ ಬೈದಳು.

ಕೊನೆಗೆ ಎದುರಿನ ಗುಲಾಮ್ ರಸೂಲನ ಎಸ್‌ಟಿಡಿ ಬೂತೇ ಗತಿಯಾಯಿತು. ಚೀಟಿಯ ಮೇಲೆ ನಂಬರು ಬರೆದುಕೊಂಡು ರಸ್ತೆ ದಾಟಿ ಓಡುವುದು, ಗಾಜಿನ ಡಬ್ಬಿಯೊಳಗೆ ನಿಂತು ಗಂಟಲು ಹರಿಯುವಂತೆ ಕೂಗುವುದು.

"ಆರು ಒಂದು ಡಾಟ್! ಎರಡು ಒಂದು ನಾಕು ಡಾಟ್!"

"ಜರಾ ಸಾವಕಾಶ ಹೇಳ್ರಿ ಸಾಹೇಬ್ರೆ, ನನ್ ಕೈ ಏನ್ ಮಿಶಿನ್ ಅದಾ?" ಎಂದು ಆ ಕಡೆಯಿಂದ ಮಲ್ಕಮ್ಮ. ಅವಳು ಅದನ್ನು ಸೀಮೆಸುಣ್ಣದಿಂದ ದವಾಖಾನೆಯ ಗೋಡೆಗೆ ಬರೆಯುತ್ತಿದ್ದಳು. ಹೇಳಿ ಮುಗಿಸಿದ ಮೇಲೂ ಬಂಡುವಿಗೆ ಅನುಮಾನ. "ಇನ್ನೊಮ್ಮೆ ಓದಿ ಹೇಳು ಮಲ್ಕಮ್ಮ." ಓದುತ್ತಿದ್ದಳು. "ಇನ್ನೊಮ್ಮೆ." ಮಲ್ಕಮ್ಮ ಫೋನು ಇಟ್ಟುಬಿಡುತ್ತಿದ್ದಳು.

ಸ್ಟೇಶನ್ನಿನ ಹಮಾಲರ ಪೈಕಿ ಖಂಡೆಪ್ಪ ಎಂಬವನೊಬ್ಬ ದಿನಾ ಬೂತಿನ ಹೊರಗೆ ಬೀಡಿ ಹಚ್ಚಿಕೊಂಡು ನಿಂತು ಈ ಅಂಕಿಗಳನ್ನು ಕೇಳುತ್ತಿದ್ದ. ಯಾಕೆಂದು ಬಂಡುವಿಗೆ ಗೊತ್ತೇ ಇರಲಿಲ್ಲ. ಒಂದು ದಿನ ಅವನು ಪೇಢೆಯ ಪೊಟ್ಟಣ ತಂದು ಕಾಲಿಗೆ ಬೀಳಲು ಬಂದ. "ನಿಮ್ಮ ಅಂಕಿ ಹೊಡೀತ್ರಿ ಆಚಾರ್ರೆ!" ಮಟಕಾ ಆಡುವವರೆಲ್ಲ ಈ ಆಚಾರ್ಯರ ಮಗನಿಗೆ ಯಾವುದೋ ಸಿದ್ಧಿ ಇದೆ, ಅವನು ದಿನಕ್ಕೆರಡು ಸಲ ಕೂಗಿ ಹೇಳುತ್ತಾನೆ ಎಂದು ತಿಳಿದಿದ್ದರಂತೆ. ಗುಲಾಮ್ ರಸೂಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಬಂಡು ನಗಲಿಲ್ಲ. ಅವನಿಗೆ ಆ ಗಾಜಿನ ಡಬ್ಬಿ ಸಾಕಾಗಿ ಹೋಗಿತ್ತು. ಲೈನು ಯಾವಾಗ ಕಡಿಯುತ್ತದೋ ಎಂದು ಕಾಯುತ್ತ ಕೂತವನಿಗೆ ಚಹಾ ಕುಡಿಯಲಿಕ್ಕೆ ರಸ್ತೆಯ ತುದಿಯ ತನಕ ಹೋಗುವುದೂ ಆಗುತ್ತಿರಲಿಲ್ಲ. ಎರಡನೆಯ ಭಾನುವಾರವೂ ಈಗ ಅನುಮಾನವಾಯಿತು. "ಲೈನ್ ಹೋತಂದ್ರ ಯಾರು ನೋಡವ್ರೋ ಬಂಡ್ಯಾ?" ಎನ್ನುತ್ತಿದ್ದರು ದೇವೀಂದ್ರಪ್ಪ. ತಾಂತ್ರಿಕರು ಇಬ್ಬರಿದ್ದರೂ ಅವರಿಗೆ ಸೂಜಿ, ಶೀಶೆ ಬಿಟ್ಟರೆ ಬೇರೆ ಗೊತ್ತಿಲ್ಲ.

ಎರಡು ಸಾವಿರದ ಒಂದರ ಮಳೆಗಾಲದಲ್ಲಿ ಮಥುರಾ ಬಸುರಿಯಾದಳು. ಅದೇ ತಿಂಗಳು ಒಂದು ಕಂಪ್ಯೂಟರ್ ಪತ್ರಿಕೆಯಲ್ಲಿ ಬಂಡು ಒಂದು ಸುದ್ದಿ ಓದಿದ. ಹೊರದೇಶದ ಒಂದು ಪುಕ್ಕಟೆ ಸೇವೆ ಇದೆ. ಅಲ್ಲಿ ಒಂದು ಹೆಸರು ಬರೆಸಿಟ್ಟರೆ ಆ ಹೆಸರಿನ ಮುಂದೆ ನಿಮ್ಮ ಇವತ್ತಿನ ನಂಬರು ಬರೆದುಕೊಂಡಿರುತ್ತಾರೆ. ನಂಬರು ಬದಲಾದಾಗ ಒಂದು ಮಾತು ತಿಳಿಸಿದರೆ ಹಳೆಯದು ಅಳಿಸಿ ಹೊಸದು ಬರೆಯುತ್ತಾರೆ. ಕಮಲಾಪುರದ ಕಂಪ್ಯೂಟರಿಗೆ ನಂಬರು ಬೇಕಿಲ್ಲ, ಹೆಸರು ಹಿಡಿದು ಕೇಳಿದರೆ ಸಾಕು. ಆ ತಿಳಿಸುವ ಕೆಲಸವನ್ನೂ ಮನುಷ್ಯ ಮಾಡಬೇಕಿಲ್ಲ, ಏನು ಮಾಡಬೇಕೆಂದು ಸಾಲು ಸಾಲಾಗಿ ಹೇಳುವ ಒಂದು ಸ್ಕ್ರಿಪ್ಟು ಬರೆದಿಟ್ಟರೆ ಕಂಪ್ಯೂಟರು ತಾನೇ ಮಾಡುತ್ತದೆ!

ಬಂಡುವಿಗೆ ಕೂತಲ್ಲಿ ಕೂಡಲಾಗಲಿಲ್ಲ. ಏಳೆಂಟು ತಿಂಗಳು ತಿಣುಕಿದ. ಬರೆದ, ಅಳಿಸಿದ, ಮತ್ತೆ ಬರೆದ. ಕೊನೆಗೆ ಇಪ್ಪತ್ತೆರಡು ಸಾಲಿನದೊಂದು ಸ್ಕ್ರಿಪ್ಟು ನಿಂತಿತು. ಲೈನು ಕಡಿದಿದ್ದರೆ ಅದು ತಾನೇ ಹಚ್ಚುತ್ತಿತ್ತು. ಐದು ನಿಮಿಷಕ್ಕೊಮ್ಮೆ ಎದ್ದು ನಂಬರು ಏನಿದೆ ಎಂದು ನೋಡುತ್ತಿತ್ತು, ಹಿಂದಿನ ಸಲದ ನಂಬರಿನ ಜೊತೆ ಹೋಲಿಸುತ್ತಿತ್ತು. ಬೇರೆಯಾಗಿದ್ದರೆ ಸೇವೆಯವರಿಗೆ ತಿಳಿಸುತ್ತಿತ್ತು, ಅದೇ ಇದ್ದರೆ ಸುಮ್ಮನೆ ಮಲಗುತ್ತಿತ್ತು. ಆ ಹೋಲಿಸುವ ಸಾಲು ಬಹಳ ಮುಖ್ಯ, ಬದಲಾಗದ ನಂಬರನ್ನು ಮತ್ತೆ ಮತ್ತೆ ಹೇಳಿ ಕಾಡಬಾರದು ಎಂದು ಪತ್ರಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಬಂಡು ಅದರ ಕೆಳಗೆ ಕೆಂಪು ಪೆನ್ಸಿಲಿನಿಂದ ಗೀಟು ಹಾಕಿದ್ದ. ಅದನ್ನು ಓದಿರಲಿಲ್ಲ ಎಂದು ಅವನ ಪರವಾಗಿ ಯಾರೂ ವಾದಿಸಬೇಕಿಲ್ಲ.

ಮಾರ್ಚಿನಲ್ಲಿ ಕಮಲಾಪುರದಿಂದ ಸುದ್ದಿ ಬಂತು: ಹೆಣ್ಣು ಮಗು, ತಾಯಿ ಮಗು ಅರಾಮ. ಬಂಡು ಎರಡೂ ಕೈ ಜೋಡಿಸಿಕೊಂಡು ದೇವೀಂದ್ರಪ್ಪನವರ ಮುಂದೆ ನಿಂತ.

"ಸಾಹೇಬ್ರ, ನನ್ನ ಕಮಲಾಪುರದ ಕೋಣಿಗೆ ಹಾಕ್ರಿ. ಅಲ್ಲಿ ಎಲ್ಲಾ ನೋಡ್ಕೋತೀನಿ. ಇಲ್ಲಿ ಹೆಸರು ನಂಬರಿನ ಕೆಲಸ ಕಂಪ್ಯೂಟರ್ ತಾನ ಮಾಡ್ತದ."

"ತಾನ ಮಾಡ್ತದ?" ದೇವೀಂದ್ರಪ್ಪ ಕನ್ನಡಕ ಮೇಲೆತ್ತಿ ನೋಡಿದರು. ಎದುರಿಗೆ ರಿಪೋರ್ಟಿಗೆ ಕೂತ ನಾಲ್ಕು ಮಂದಿ ಇದ್ದರು. ಅವರಿಗೂ ಕೇಳಲಿ ಎಂಬಂತೆ ದನಿ ಏರಿಸಿದರು. "ಹಂಗಾದ್ರ ಒಂದು ಮಾತು. ಬಾರಸಿ ಹನ್ನೆರಡಕ್ಕ ಅಲ್ಲಾ? ಇವತ್ತಿನಿಂದ ಹನ್ನೆರಡು ದಿನ ನೀ ಅದಕ್ಕ ಕೈ ಹಚ್ಚಬಾರದು. ಮಲ್ಕಮ್ಮ ಕ್ಯಾಲೆಂಡರ್‌ನ್ಯಾಗ ದಿನಾ ಗೀಟು ಹೊಡೀಲಿ. ಹನ್ನೆರಡು ಗೀಟು ಬಿದ್ವು ಅಂದ್ರ ಬಾರಸಿ ದಿನಾನೇ ನಿನ್ನ ಕಮಲಾಪುರದಾಗ ಬಿಟ್ಟು ಬರ್ತೀನಿ. ನಾನೇ ಬರ್ತೀನಿ ಊಟಕ್ಕ!"

ಬಂಡು ಓಡಿಹೋಗಿ ಗುಲಾಮ್ ರಸೂಲನಿಗೆ ಹೇಳಿದ. ರಸೂಲ್ ಮೀಟರಿನ ಕಡೆ ನೋಡುತ್ತಲೇ ತಲೆ ಅಲ್ಲಾಡಿಸಿದ. "ನಕ್ಕೋ ಮಿಯಾ, ಅಷ್ಟು ಖುಷ್ ಆಗಬ್ಯಾಡ. ಅದು ನಡದ್ರೂ ಅಂವ ನಿನ್ನ ಬಿಡಲ್ಲ, ನಡೀಲಿಲ್ಲಂದ್ರೂ ಬಿಡಲ್ಲ."

"ಯಾಕ್ರೀ ರಸೂಲ್ ಭಾಯಿ, ನಾಕು ಮಂದಿ ಮುಂದ ಮಾತು ಕೊಟ್ಟಾರ."

"ಕೊಟ್ಟಾರಪಾ, ಕೊಟ್ಟಾರ" ಎಂದ ರಸೂಲ್.

ಸ್ಕ್ರಿಪ್ಟು ನಡೆಯಿತು. ಆಹಾ, ಹೇಗೆ ನಡೆಯಿತು! ಐದಕ್ಕೆ ಕರೆಂಟು ಬರುವುದು, ಫೋನಿನ ತಂತಿಗೆ ಕಟ್ಟಿದ ಮೋಡೆಮ್ಮು ಕೀಚ್ ಎಂದು ಕಿರುಚುವುದು, ಪರದೆಯ ಮೇಲೆ ಹೊಸ ನಂಬರು, ಮರುನಿಮಿಷಕ್ಕೆ ಆ ಕಡೆ ಹೆಸರು ತೆರೆಯುವುದು. ಬಂಡು ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತು ನೋಡುತ್ತಿದ್ದ. ಒಂದು ದಿನ, ಎರಡು ದಿನ, ಐದು ದಿನ. ಬೆಳಗಿನ ಬಸ್ಸಿನ ಡ್ರೈವರನ ಕೈಯಲ್ಲಿ ಶೀಶೆಗಳ ಜೊತೆ ಮಲ್ಕಮ್ಮ ಚೀಟಿ ಕಳಿಸುತ್ತಿದ್ದಳು: "ಗೀಟು ಏಳು. ನಿಮ್ಮ ಕೂಗಾಟ ಇಲ್ದೆ ಕಿವಿ ತಂಪದಾವ." ಹತ್ತನೆಯ ಗೀಟು ಬಿದ್ದ ದಿನ ಒಂದು ಡಜನ್ ಕಮಲಾಪುರದ ಕೆಂಪು ಬಾಳೆಹಣ್ಣೂ ಬಂದವು. ಅಳಿಯ ಬರುತ್ತಾನೆಂದು ಸಕ್ಕೂಬಾಯಿ ಒಳಗಿನ ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾರೆ ಎಂಬ ಸುದ್ದಿ ಬಂತು.

ಹನ್ನೊಂದನೆಯ ಸಂಜೆ. ಗಂಟೆ ಆರಾಗಿತ್ತು. ಮರುದಿನ ನಸುಕಿನ ಬಸ್ಸಿಗೆ ಹೊರಡಬೇಕು, ಚೀಲ ಕಟ್ಟಿ ಇಟ್ಟಾಗಿದೆ. ಬಂಡು ಚೀಲದ ಗುಂಡಿ ಮೂರು ಸಲ ನೋಡಿದ. ಕೋಣೆಯ ಕೀಲಿ ನೋಡಿದ. ಆಮೇಲೆ ಕಂಪ್ಯೂಟರಿನ ಮುಂದೆ ಬಂದು ನಿಂತ. ಇಷ್ಟು ದಿನ ತಾನು ಎದುರಿಗೆ ಕೂತಿದ್ದೆ. ನಾಳೆ ಇಲ್ಲಿ ಯಾರೂ ಇಲ್ಲ. ಒಂದು ವೇಳೆ ನಂಬರು ತಿಳಿಸಿದ್ದು ಆ ಕಡೆ ಮುಟ್ಟದಿದ್ದರೆ? ಒಂದೇ ಸಲ ಹೇಳಿ ಸುಮ್ಮನಾಗುತ್ತದಲ್ಲ ಇದು, ಅವರು ಕೇಳಿಸಿಕೊಳ್ಳದಿದ್ದರೆ? ನಂಬರು ಅದೇ ಇದೆ ಎಂದು ಇದು ದಿನವಿಡೀ ಮಲಗಿಬಿಟ್ಟರೆ? ಹನ್ನೊಂದು ದಿನ ತಪ್ಪದ್ದು ನಾಳೆಯೇ ಯಾಕೆ ತಪ್ಪಬೇಕು ಎಂದು ಕೇಳಿಕೊಳ್ಳುವ ಬುದ್ಧಿ ಅವನಿಗೆ ಆ ಹೊತ್ತಿಗೆ ಇರಲಿಲ್ಲ. ಅಪ್ಪನ ಮಾತು ನೆನಪಾಯಿತು, ಸಂಶಯ ಬಂತಂದ್ರ ಮತ್ತ ಅನ್ನು.

ಕೂತು ಹೋಲಿಸುವ ಸಾಲನ್ನು ತೆಗೆದುಹಾಕಿದ. ನಂಬರು ಬದಲಾಗಲಿ ಬಿಡಲಿ, ಐದು ನಿಮಿಷಕ್ಕೊಮ್ಮೆ ಹೇಳು. ಹೇಳುವುದೂ ಒಂದು ಸಲ ಅಲ್ಲ, ನೂರಾ ಎಂಟು ಸಲ ಹೇಳು. ಹೀಗೆ ಬರೆದಿಟ್ಟು, ಎದೆ ಹಗುರಾಗಿ, ಕೈ ಕಾಲು ತೊಳೆದುಕೊಂಡು ಮಲಗಿದ.

ಬಾರಸಿ ಇದ್ದದ್ದು ಶುಕ್ರವಾರ, ಮಧ್ಯಾಹ್ನ ಹನ್ನೆರಡೂವರೆಯ ಮುಹೂರ್ತ. ಬಂಡು ಮಗುವನ್ನು ನೋಡಿದ್ದೇ ಆವತ್ತು. ಹನ್ನೆರಡು ದಿನದ ಕೂಸು ಮುಷ್ಟಿ ಬಿಗಿಹಿಡಿದು ಮಲಗಿತ್ತು. ಮಥುರಾ ಸುಣ್ಣ ಹೊಡೆದ ಕೋಣೆಯ ಕಡೆ ಕಣ್ಣು ಮಾಡಿ ತೋರಿಸಿದಳು. ಅಲ್ಲಿ ಹೊಸ ಗೂಟ ಬಡಿದಿತ್ತು, ಅವನ ಅಂಗಿ ತೂಗುಹಾಕಲಿಕ್ಕೆ.

ಬಾವಿಯ ಹತ್ತಿರ ಮಡಿಯುಟ್ಟು ಕಾಲು ತೊಳೆಯುತ್ತಿದ್ದಾಗ ಮಲ್ಕಮ್ಮ ಹಿಂದಿನ ಬಾಗಿಲಿನಿಂದ ಬಂದಳು. ಕೈಯಲ್ಲಿ ಕೂಸಿಗೆ ಹೆಣೆದ ಟೊಪ್ಪಿಗೆ. ಮುಖ ಸಣ್ಣದಾಗಿತ್ತು.

"ಸಾಹೇಬ್ರೆ, ಹೆಸ್ರು ತೆರೀವಲ್ದು. ಮುಂಜಾನಿಂದ ನೋಡ್ಲಾಕತ್ತೀನಿ. ಲ್ಯಾಬಿಗಿ ಹಚ್ಚಿದ್ರ ಫೋನ್ ಎಂಗೇಜ್. ರಸೂಲ್ ಭಾಯಿ ನಮಾಜಿಗಿ ಹೋಗ್ಯಾರ ಕಾಣ್ತದ, ಎತ್ತವಲ್ರು."

ಬಂಡು ತಂಬಿಗೆ ಕೆಳಗಿಟ್ಟ. ಅವನಿಗೆ ತಕ್ಷಣ ತಿಳಿದುಹೋಯಿತು. ಕೆಂಪು ಪೆನ್ಸಿಲಿನ ಗೀಟು ಕಣ್ಣ ಮುಂದೆ ಬಂತು.

"ನೀವು ಸುಮ್ಕಿರ್ರಿ," ಎಂದಳು ಮಲ್ಕಮ್ಮ ದನಿ ತಗ್ಗಿಸಿ. "ನಾ ಹನ್ನೆರಡನೇ ಗೀಟು ಹೊಡದು ಬಂದೀನಿ. ಸಾಹುಕಾರ್ರಿಗಿ ಏನ್ ತಿಳೀತದ?"

"ಯಾರರೆ ಕಾಯ್ಲಾಕತ್ತಾರೇನು ಅಲ್ಲಿ?"

ಮಲ್ಕಮ್ಮ ಸೆರಗಿನ ತುದಿ ಹಿಂಡಿದಳು. "ಕಾಶಿರಾಯ ಕೂತಾನ್ರಿ, ಹೆಂಡ್ತಿ ಮಾಳಮ್ಮನ ಕರ್ಕೊಂಡು. ಆರು ದಿನದ ಜ್ವರ, ಬಾಯಿ ಬಿಡವಲ್ಲಳು. ರಿಪೋರ್ಟ್ ನೋಡದೆ ಔಷಧ ಬದಲಿ ಮಾಡಲ್ಲ ಅಂತಾರ ಡಾಕ್ಟರ್."

ಒಳಗಿನಿಂದ ಸಕ್ಕೂಬಾಯಿ ಕೂಗಿದರು. ಮುಹೂರ್ತ ಬಂದಿತ್ತು. ಬಂಡು ಹೋಗಿ ಮಣೆಯ ಮೇಲೆ ಕೂತ. ಎದುರಿಗೆ ಹಿತ್ತಾಳೆಯ ತಾಟು, ಅದರಲ್ಲಿ ಹರವಿದ ಅಕ್ಕಿ, ಕೈಯಲ್ಲಿ ಉಂಗುರ. ಪಕ್ಕದಲ್ಲಿ ಕೂಸನ್ನು ಹಿಡಿದ ಮಥುರಾ. ಎದುರಿನ ಜಮಖಾನೆಯ ಮೇಲೆ ದೇವೀಂದ್ರಪ್ಪ, ಬೆಳ್ಳಿಯ ಬಟ್ಟಲಿನ ಪೊಟ್ಟಣ ಹಿಡಿದುಕೊಂಡು ಹಸನ್ಮುಖರಾಗಿ ಕೂತಿದ್ದಾರೆ. ಭಟ್ಟರು ಹೇಳಿದ ಹಾಗೆ ಬಂಡು ಮೊದಲು ಮಾಸದ ಹೆಸರು ಬರೆದ. ಆಮೇಲೆ ನಕ್ಷತ್ರದ ಹೆಸರು ಬರೆದ. ಉಳಿದದ್ದು ಕರೆಯುವ ಹೆಸರು.

"ಏನವ್ವಾ ಮಲ್ಕಮ್ಮ, ಹನ್ನೆರಡು ಆದ್ವೇನು?" ದೇವೀಂದ್ರಪ್ಪ ದೊಡ್ಡ ದನಿಯಲ್ಲಿ ಕೇಳಿದರು.

"ಆದ್ವು ರೀ" ಎಂದಳು ಮಲ್ಕಮ್ಮ ನೆಲ ನೋಡುತ್ತ.

"ಹಂಗಾದ್ರ ಬಾಯಾರ, ನಿಮ್ಮ ಅಳಿಯನ್ನ ಇವತ್ತ ಇಲ್ಲೇ ಬಿಟ್ಟು ಹೋಗ್ತೀನಿ ನೋಡ್ರಿ!"

ಹೆಂಗಸರೆಲ್ಲ ನಕ್ಕರು. ಮಥುರಾ ಕೂಸಿನ ಮುಖಕ್ಕೆ ಮುಖ ತಂದು ನಕ್ಕಳು. ಮದುವೆಯಾದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ಬಂಡು ನೋಡಿರಲಿಲ್ಲ. ಉಂಗುರ ಅಕ್ಕಿಯ ಮೇಲೆ ನಿಂತೇ ಇತ್ತು. ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಊಟವಾದ ಮೇಲೆ ಏನಾದರೂ ನೆಪ ಹೇಳಿ ಓಡಿಹೋಗಿ ಸರಿ ಮಾಡಿದರೆ ಆಯಿತು. ಊಟ ಮುಗಿಯುವುದು ಮೂರಕ್ಕೆ, ಕಲಬುರಗಿ ಮುಟ್ಟುವುದು ನಾಲ್ಕಕ್ಕೆ, ಕರೆಂಟು ಬರುವುದು ಐದಕ್ಕೆ. ಅಲ್ಲಿಯ ತನಕ ಮಾಳಮ್ಮ ಬೆಂಚಿನ ಮೇಲೆ ಮಲಗಿರಬೇಕು. ಈಗ ಹೇಳಿದರೆ ದೇವೀಂದ್ರಪ್ಪನವರ ಜೀಪು ಹೊರಗೇ ನಿಂತಿದೆ, ಕರೆಂಟು ಹೋಗುವುದರೊಳಗೆ ಮುಟ್ಟಬಹುದು. ಬಂಡು ಅಕ್ಕಿಯಿಂದ ಉಂಗುರ ಎತ್ತಿ ದೇವೀಂದ್ರಪ್ಪನವರ ಕಡೆ ತಿರುಗಿದ.

"ಸಾಹೇಬ್ರ, ಇವತ್ತು ತೆರದಿಲ್ರೀ. ಮಲ್ಕಮ್ಮಂದೇನೂ ತಪ್ಪಿಲ್ಲ. ನಿನ್ನಿ ಸಂಜಿ ನಾನ ಕೈ ಹಚ್ಚೀನಿ."

ಮೊದಲು ಬಾಯಿ ತೆರೆದವರು ಸಕ್ಕೂಬಾಯಿ. "ಮೊದಲ ಕೂಸಿನ ಹೆಸರು ಬರೀರಿ, ಆಮ್ಯಾಲ ನಿಮ್ಮ ಪುರಾಣ."

ವಾರುಣಿ ಎಂದು ಬರೆದ. ಜನ್ಮದಲ್ಲಿ ಮೊದಲ ಸಲ, ಬರೆದದ್ದನ್ನು ತಿರುಗಿ ನೋಡದೆ ಎದ್ದ. ಮಥುರಾ ಕೂಸನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿದ್ದಳು.

ಜೀಪು ಅರ್ಧ ದಾರಿ ದಾಟಿತು. ಆಮೇಲೆ ದೇವೀಂದ್ರಪ್ಪ ಮೆತ್ತಗೆ ಹೇಳಿದರು, "ಹನ್ನೊಂದು ದಿನ ನಡದಿತ್ತಲ್ಲೋ ಅದು. ನೀ ಸುಮ್ನ ಇದ್ದಿದ್ರ ಹನ್ನೆರಡೂ ನಡೀತಿತ್ತು."

"ಹಂಗಿದ್ರ ಖರೇನ ಕಳಸ್ತಿದ್ರೇನ್ರಿ?"

ದೇವೀಂದ್ರಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಕಳಸ್ತಿದ್ದೆ. ಎಂಟು ದಿನಕ್ಕ ತಿರುಗಿ ಕರಸ್ತಿದ್ದೆ. ಅದು ಕೆಟ್ರ ನಿನ್ನ ಬಿಟ್ಟು ಇನ್ಯಾರಿಗಿ ಗೊತ್ತದ ಹೇಳು? ನಿನಗ ಸುಳ್ಳು ಯಾಕ ಹೇಳ್ಲಿ. ನೀ ನಮ್ಮ ಮನಿ ಮಗ ಇದ್ದಂಗ ಅದೀ." ಬಂಡುವಿನ ಹೆಗಲ ಮೇಲೆ ಕೈ ಇಟ್ಟರು. ಆ ಕೈಯಲ್ಲಿ ಪ್ರೀತಿಯೇ ಇತ್ತು. ಬಯ್ದಿದ್ದರೆ ಕೆಲಸ ಬಿಟ್ಟು ಇಳಿದು ಹೋಗಬಹುದಿತ್ತು, ಈ ಮನುಷ್ಯ ಬಯ್ಯಲೂ ಇಲ್ಲ.

ಲ್ಯಾಬಿನ ಪರದೆಯ ಮೇಲೆ ಸೇವೆಯವರ ಪತ್ರ ಕಾಯುತ್ತಿತ್ತು. ಒಂದು ಸಲ ಹೇಳಿದರೆ ತಿಳಿಯುವ ಮಾತನ್ನು ನೀವು ಒಂದೇ ಇರುಳಿನಲ್ಲಿ ಸಾವಿರಾರು ಸಲ ಹೇಳಿದ್ದೀರಿ, ಇದು ಕಿರುಕುಳ, ನಿಮ್ಮ ಹೆಸರನ್ನು ಮುಚ್ಚಿದ್ದೇವೆ, ಕಾರಣ ಬರೆದು ಕ್ಷಮೆ ಕೇಳಿದರೆ ವಿಚಾರ ಮಾಡುತ್ತೇವೆ. ದೇವರಿಗೆ ಬೇಸರವಾಗದಿರಬಹುದು, ಈ ಪುಣ್ಯಾತ್ಮರಿಗೆ ಆಗಿತ್ತು. ಬಂಡು ಸ್ಕ್ರಿಪ್ಟು ನಿಲ್ಲಿಸಿದ. ನಂಬರನ್ನು ಚೀಟಿಗೆ ಬರೆದುಕೊಂಡು, ಬಾರಸಿಯ ಧೋತರದಲ್ಲೇ ರಸ್ತೆ ದಾಟಿ ಓಡಿದ. ಎರಡಕ್ಕೆ ಹತ್ತು ನಿಮಿಷವಿತ್ತು. ರಸೂಲ್ ಆಗಷ್ಟೇ ಬೂತಿನ ಬಾಗಿಲು ತೆಗೆಯುತ್ತಿದ್ದ. ಧೋತರ ನೋಡಿದವನೇ ಫೋನು ಮುಂದೆ ತಳ್ಳಿದ. ಮಾಳಮ್ಮನದು ಟೈಫಾಯಿಡು. ಅವತ್ತೇ ಔಷಧ ಬದಲಾಯಿತು, ಬದುಕಿಕೊಂಡಳು.

ಬಂಡು ಕ್ಷಮಾಪಣೆಯ ಪತ್ರ ಬರೆದ. ಉತ್ತರವಿಲ್ಲ. ಮತ್ತೊಂದು ಬರೆಯಲು ಕೈ ತುಡಿಯುತ್ತಿತ್ತು. ಈ ಸಲ ಹಲ್ಲು ಕಚ್ಚಿ ತಡೆದುಕೊಂಡ. ಗಾಜಿನ ಡಬ್ಬಿಯ ಕೂಗಾಟ ಮೊದಲಿನ ಹಾಗೇ ಶುರುವಾಯಿತು.

ಬಾಣಂತನದ ಸವಾ ಮಹಿನಾ, ಅಂದರೆ ನಲವತ್ತು ದಿನ, ಕಳೆದು, ಮಥುರಾ ಕೂಸಿಗೆ ಸೂಜಿ ಹಾಕಿಸಲು ದವಾಖಾನೆಗೆ ಹೋಗಿದ್ದಳು. ಐದೂಕಾಲಿಗೆ ಫೋನು ಬಂತು. ಮಲ್ಕಮ್ಮ ಎತ್ತಿ ಅವಳ ಕೈಗೆ ಕೊಟ್ಟಳು.

"ಆರು ಒಂದು ಡಾಟ್," ಎಂದ ಬಂಡು.

"ಆರು ಒಂದು ಡಾಟ್," ಎಂದಿತು ಮಥುರಾಳ ದನಿ.

ಬಂಡುವಿಗೆ ಮುಂದಿನ ಅಂಕಿ ಕಾಣಿಸಲಿಲ್ಲ. ಕಣ್ಣು ಒರೆಸಿಕೊಂಡು ಹೇಳಿದ. ಅವಳು ಗೋಡೆಗೆ ಬರೆದಳು. ಕೊನೆಗೆ "ಊಟ ಆತೇನ್ರಿ?" ಎಂದಳು. "ಆತು. ಕೂಸು?" "ಮಲಗ್ಯದ." ಅಷ್ಟೇ ಮಾತು. ಮರುದಿನದಿಂದ ಅವಳು ದಿನಾ ಐದಕ್ಕೆ ಕೂಸನ್ನು ಕಂಕುಳಲ್ಲಿ ಹೊತ್ತು ದವಾಖಾನೆಗೆ ಬರತೊಡಗಿದಳು. ಮನೆಯಲ್ಲಿ ಫೋನಿಲ್ಲ, ಲ್ಯಾಬಿನ ಫೋನು ಸದಾ ಎಂಗೇಜು. ಗಂಡ ಹೆಂಡತಿ ಮಾತಾಡಲಿಕ್ಕೆ ಇದ್ದ ಹಾದಿ ಈ ನಂಬರು ಒಂದೇ. ಬಂಡು ಈಗ ಸಾವಕಾಶ ಹೇಳುತ್ತಿದ್ದ, ಒಂದೊಂದು ಅಂಕಿಗೂ ಉಸಿರು ತೆಗೆದುಕೊಂಡು. "ಇನ್ನೊಮ್ಮೆ ಓದು" ಎಂದರೆ ಅವಳು ಓದುತ್ತಿದ್ದಳು. "ಇನ್ನೊಮ್ಮೆ" ಎಂದರೆ ಇನ್ನೊಮ್ಮೆ. ಅವಳು ಫೋನು ಇಡುತ್ತಿರಲಿಲ್ಲ.

ಜೂನಿನ ಒಂದು ಮಧ್ಯಾಹ್ನ ಸೇವೆಯವರ ಉತ್ತರ ಬಂತು. ಕ್ಷಮಿಸಿದ್ದೇವೆ, ಹೆಸರು ತೆರೆದಿದ್ದೇವೆ, ಮುಂದೆ ಎಚ್ಚರವಿರಲಿ. ಬಂಡು ಮೂರು ಸಲ ಓದಿದ. ಹಳೆಯ ಸ್ಕ್ರಿಪ್ಟು ತೆಗೆದು, ನೂರಾ ಎಂಟನ್ನು ಅಳಿಸಿ, ಹೋಲಿಸುವ ಸಾಲನ್ನು ಅದರ ಜಾಗದಲ್ಲಿ ಕೂರಿಸಿದ. ಎಲ್ಲ ಸರಿಯಾಯಿತು. ಇನ್ನು ಯಾರೂ ಕೂಗಬೇಕಿಲ್ಲ. ಚಾಲೂ ಮಾಡಲು ಹೋದ ಬೆರಳು ಅಲ್ಲೇ ನಿಂತಿತು. ಕೂಗದಿದ್ದರೆ ಐದೂಕಾಲಿಗೆ ಫೋನು ಮಾಡುವುದು ಯಾವ ನೆಪದ ಮೇಲೆ?

ಆಮೇಲೆ ಒಂದು ಸಾಲು ಹೆಚ್ಚಿಗೆ ಬರೆದ. ದಿನವಿಡೀ ನಿನ್ನ ಕೆಲಸ ನೀನು ಮಾಡು, ಸಂಜೆ ಐದರಿಂದ ಐದೂವರೆಯ ತನಕ ಮಾತ್ರ ಸುಮ್ಮನಿರು. ದೇವೀಂದ್ರಪ್ಪನವರಿಗೆ "ಸಂಜಿ ಹೊತ್ತು ಅದು ಕೈ ಕೊಡ್ತದ್ರೀ, ನಾನ ಹೇಳಬೇಕಾಗ್ತದ" ಎಂದ. ಅವರಿಗೆ ಸಮಾಧಾನವೇ ಆಯಿತು. ನೋಡು, ನೀ ಇಲ್ದ ನಡೆಯೂದಿಲ್ಲ ಎಂದು ಬೆನ್ನು ಚಪ್ಪರಿಸಿದರು. ಗುಲಾಮ್ ರಸೂಲನಿಗೆ ಮಾತ್ರ ತಿಳಿಯಿತು. ಅವನು ಐದು ಹೊಡೆದ ಕೂಡಲೆ ಬೂತಿನ ಗಿರಾಕಿಗಳನ್ನು ಎಬ್ಬಿಸಿ ಕಳಿಸುತ್ತಿದ್ದ.

ಎರಡು ವರ್ಷ ಹೀಗೇ ನಡೆಯಿತು. ರಜೆ ಮುಗಿದು ಮಥುರಾ ಶಾಲೆಗೆ ಹೋಗತೊಡಗಿದರೂ ನಾಲ್ಕೂವರೆಯ ಜೀಪಿಗೆ ತಿರುಗಿ ಬಂದು, ಕೂಸನ್ನು ಎತ್ತಿಕೊಂಡು ದವಾಖಾನೆಯ ಫೋನಿನ ಮುಂದೆ ಇರುತ್ತಿದ್ದಳು. ಬಂಡುವಿಗೆ ಎರಡನೆಯ ಭಾನುವಾರ ಒಮ್ಮೆ ಸಿಕ್ಕರೆ ಎರಡು ಸಲ ಸಿಗುತ್ತಿರಲಿಲ್ಲ. ಸುಣ್ಣದ ಕೋಣೆಯ ಗೂಟಕ್ಕೆ ಸಕ್ಕೂಬಾಯಿ ಈಗ ಬಾಳೆಹಣ್ಣಿನ ಚೀಲ ತೂಗುಹಾಕಿದ್ದರು. ಒಂದು ಸಲ ಅವನು ಹೋದದ್ದು ನಾಲ್ಕು ತಿಂಗಳ ಮೇಲೆ. ವಾರುಣಿ ಅಂಗಳದಲ್ಲಿ ಆಡುತ್ತಿದ್ದವಳು ಅವನನ್ನು ನೋಡಿ ಹೆದರಿ ಅಜ್ಜಿಯ ಸೀರೆಯ ಹಿಂದೆ ಹೋಗಿ ನಿಂತಳು.

"ಅಪ್ಪ ಬಂದಾನ, ಬಾ," ಎಂದಳು ಮಥುರಾ. ಕೂಸು ಬರಲಿಲ್ಲ. ಬಂಡು ಪೇಢೆ ತೋರಿಸಿದ, ಗಿಲಕಿ ತೋರಿಸಿದ. ಅಳುವುದೊಂದು ಬಾಕಿ. ಅವನು ಜಗಲಿಯ ಮೇಲೆ ಕೂತುಬಿಟ್ಟ. ಅಲ್ಲೇ ನೀರು ಕುಡಿದು ಇಟ್ಟ ಖಾಲಿ ಲೋಟವಿತ್ತು. ಏನು ತೋಚಿತೋ, ಅದನ್ನು ಎತ್ತಿ ಕಿವಿಗೆ ಹಿಡಿದುಕೊಂಡು, ಬೂತಿನಲ್ಲಿ ಹೇಳುವ ದನಿಯಲ್ಲೇ ಸಾವಕಾಶ ಹೇಳಿದ.

"ಆರು ಒಂದು..."

ಸೀರೆಯ ಹಿಂದಿನಿಂದ ಕೂಸು ಮುಖ ಹೊರಗೆ ಹಾಕಿತು. ಅವನನ್ನೂ ಲೋಟವನ್ನೂ ಬಿಡುಗಣ್ಣು ಬಿಟ್ಟು ನೋಡಿತು.

"ಡಾಟ್!" ಎಂದು ಕೂಗಿ ಓಡಿಬಂದು ಅವನ ಮೊಣಕಾಲು ತಬ್ಬಿಕೊಂಡಿತು.